ಕೆನ್ನೆಯ ಒಂದೇ ಸ್ನಾಯು, ಗಂಡು ಇಲಿಗೂ ಹೆಣ್ಣು ಇಲಿಗೂ ಬೇರೆ ಬೇರೆ ನೋವು

ಎರಡು ಇಲಿಗಳು ಅರಿವಳಿಕೆಯಲ್ಲಿ ಮಲಗಿವೆ. ಒಂದು ಗಂಡು, ಒಂದು ಹೆಣ್ಣು. ಎರಡರ ಕೆನ್ನೆಯ ಸ್ನಾಯುವಿಗೂ ಸಣ್ಣ ಸೂಜಿಯಿಂದ ಗ್ಲುಟಮೇಟ್ ಎಂಬ ರಾಸಾಯನಿಕದ ದ್ರಾವಣ ಹಾಕುತ್ತಾರೆ. ಅಳತೆ ಎರಡಕ್ಕೂ ಒಂದೇ, ಒಂದು ಹನಿಗಿಂತಲೂ ಕಡಿಮೆ. ಆ ಸ್ನಾಯುವಿನಿಂದ ಮಿದುಳಿನ ಕಡೆ ಹೋಗುವ ನರದ ಎಳೆಯಲ್ಲಿ ಎಷ್ಟು ವಿದ್ಯುತ್ ಮಿಡಿತ ಹಾದುಹೋಯಿತು ಎಂದು ಯಂತ್ರ ಎಣಿಸುತ್ತದೆ. ಹೆಣ್ಣು ಇಲಿಗಳಲ್ಲಿ ಈ ಎಣಿಕೆ ಜಾಸ್ತಿ ಬರುತ್ತದೆ.

ಬ್ರಯಾನ್ ಕೇರ್ನ್ಸ್, ಬ್ಯಾರಿ ಸೆಸಲ್, ಪೀಟರ್ ಸ್ವೆನ್ಸನ್ ಮತ್ತು ಅವರ ಜೊತೆಗಾರರು 2001ರಲ್ಲಿ ಪ್ರಕಟಿಸಿದ ಪ್ರಯೋಗದ ತಿರುಳು ಇದು. ಅದೇ ಲೇಖನದಲ್ಲಿ ಮನುಷ್ಯರ ಮೇಲೆ ಮಾಡಿದ ಪರೀಕ್ಷೆಯೂ ಇದೆ. ಆರೋಗ್ಯವಾಗಿರುವ ಕೆಲವು ಗಂಡಸರು ಮತ್ತು ಹೆಂಗಸರು ತಾವಾಗಿಯೇ ಮುಂದೆ ಬಂದು, ತಮ್ಮ ಕೆನ್ನೆಯ ಸ್ನಾಯುವಿಗೆ ಗ್ಲುಟಮೇಟ್ ಹಾಕಿಸಿಕೊಂಡರು. ಎಷ್ಟು ನೋಯುತ್ತಿದೆ ಎಂದು ಅಂಕದಲ್ಲಿ ಹೇಳುತ್ತಾ ಹೋದರು. ಹೆಂಗಸರು ಕೊಟ್ಟ ಅಂಕ ಗಂಡಸರಿಗಿಂತ ಹೆಚ್ಚಿತ್ತು.

ಮನುಷ್ಯರ ಉತ್ತರ ಮಾತ್ರ ಇದ್ದಿದ್ದರೆ ಒಂದು ಹಳೆಯ ಮಾತು ತಕ್ಷಣ ಬರುತ್ತಿತ್ತು. ಹೆಂಗಸರು ನೋವನ್ನು ಬಾಯಿಬಿಟ್ಟು ಹೇಳುತ್ತಾರೆ, ಗಂಡಸರು ಹಲ್ಲು ಕಚ್ಚಿ ತಡೆಯುತ್ತಾರೆ, ಅಷ್ಟೇ ವ್ಯತ್ಯಾಸ ಎಂದು. ಆದರೆ ಅರಿವಳಿಕೆಯಲ್ಲಿ ಮಲಗಿದ ಇಲಿಗೆ ಹೇಳಿಕೊಳ್ಳುವುದೂ ಇಲ್ಲ, ತಡೆದುಕೊಳ್ಳುವುದೂ ಇಲ್ಲ. ಅಲ್ಲಿ ಮಾತಾಡುತ್ತಿರುವುದು ಬರೀ ನರ. ದವಡೆ ನೋವಿನಿಂದ ವರ್ಷಗಟ್ಟಲೆ ಒದ್ದಾಡಿ, "ಟೆನ್ಶನ್ ಮಾಡ್ಕೋಬೇಡಿ, ಎಲ್ಲ ಸರಿಹೋಗುತ್ತೆ" ಎಂಬ ಮಾತನ್ನಷ್ಟೇ ಕೇಳಿಸಿಕೊಂಡವರಿಗೆ ಈ ಎಣಿಕೆ ಎಷ್ಟು ದೊಡ್ಡದು ಅಂತ ನನಗೆ ಮತ್ತೆ ಮತ್ತೆ ಅನಿಸಿದೆ.

ಹಾಗಂತ ವಿಷಯ ಇಲ್ಲಿಗೇ ಮುಗಿಯುವುದಿಲ್ಲ. ಹೆಣ್ಣು ಇಲಿಯ ನರ ಯಾಕೆ ಹೆಚ್ಚು ಮಿಡಿಯಿತು ಎಂದು ಹುಡುಕುತ್ತಾ ಹೋದರೆ, ಗಂಡು ಇಲಿಯ ನರ ಯಾಕೆ ಕಡಿಮೆ ಮಿಡಿಯಿತು ಎಂಬ ಇನ್ನೊಂದು ಪ್ರಶ್ನೆ ಎದುರಾಗುತ್ತದೆ. ನನ್ನ ಪ್ರಕಾರ ಈ ಇಡೀ ಸಂಶೋಧನೆಯಲ್ಲಿ ಹೆಚ್ಚು ಕಲಿಸುವುದು ಆ ಎರಡನೆಯ ಪ್ರಶ್ನೆಯೇ.

ನೋವು ಹೋಗುವ ದಾರಿ

ಹಲ್ಲು ಬಿಗಿಯಾಗಿ ಕಚ್ಚಿ, ಕಿವಿಯ ಮುಂದೆ, ದವಡೆಯ ಮೂಲೆಯ ಹತ್ತಿರ ಕೈ ಇಟ್ಟು ನೋಡಿ. ಗಟ್ಟಿಯಾಗಿ ಉಬ್ಬುವ ಸ್ನಾಯು ಸಿಗುತ್ತದೆ. ಅದರ ಹೆಸರು ಮ್ಯಾಸಿಟರ್. ಅಗಿಯುವ ಕೆಲಸದಲ್ಲಿ ಇದರದ್ದು ದೊಡ್ಡ ಪಾಲು. ಇಲಿ, ಮೊಲದಂತಹ ಪ್ರಾಣಿಗಳು ದಿನವಿಡೀ ಏನಾದರೂ ಕಡಿಯುತ್ತಲೇ ಇರುವುದರಿಂದ ಅವುಗಳಲ್ಲಿ ಈ ಸ್ನಾಯು ಚೆನ್ನಾಗಿ ಬೆಳೆದಿರುತ್ತದೆ. ಪ್ರಯೋಗಕ್ಕೆ ಇದನ್ನು ಆರಿಸಿಕೊಳ್ಳಲು ಅದೂ ಒಂದು ಅನುಕೂಲ.

ಮುಖದ ನೋವನ್ನು ಹೊತ್ತೊಯ್ಯುವುದು ಟ್ರೈಜೆಮಿನಲ್ ನರ, ಅಂದರೆ ತಲೆಯ ಐದನೇ ಜೋಡಿ ನರ. ಇದರ ನೋವಿನ ಎಳೆಗಳ ಒಂದು ತುದಿ ಸ್ನಾಯುವಿನೊಳಗೆ ಇರುತ್ತದೆ. ಆ ಎಳೆಗಳು ಹೊರಡುವ ನರಕೋಶಗಳು ತಲೆಬುರುಡೆಯ ಒಳಗೆ ಟ್ರೈಜೆಮಿನಲ್ ಗ್ಯಾಂಗ್ಲಿಯನ್ ಎಂಬ ಗಂಟಿನಲ್ಲಿ ಗುಂಪಾಗಿ ಕೂತಿರುತ್ತವೆ. ಅಲ್ಲಿಂದ ಮುಂದೆ ಸುದ್ದಿ ಮಿದುಳಿನ ಕಾಂಡಕ್ಕೆ ಹೋಗಿ, ಅಲ್ಲಿ ಇನ್ನೊಂದು ನರಕೋಶಕ್ಕೆ ಕೈ ಬದಲಾಗಿ, ಮೇಲಕ್ಕೆ ಸಾಗುತ್ತದೆ.

ಹೀಗೆ ಮೂರು ನಿಲ್ದಾಣ ಎಂದುಕೊಳ್ಳಿ. ಸ್ನಾಯುವಿನ ತುದಿ, ನಡುವಿನ ಗಂಟು, ಮಿದುಳಿನ ಕಾಂಡ. ಗಂಡು ಹೆಣ್ಣಿನ ವ್ಯತ್ಯಾಸ ಈ ಮೂರರಲ್ಲಿ ಎಲ್ಲಿ ಹುಟ್ಟುತ್ತದೆ? ಕೊನೆಯಲ್ಲಿ, ಮಿದುಳು ಅರ್ಥ ಮಾಡಿಕೊಳ್ಳುವ ರೀತಿಯಲ್ಲಿ ಮಾತ್ರ ವ್ಯತ್ಯಾಸ ಇರಬಹುದು ಎಂದು ತುಂಬಾ ಜನ ಅಂದುಕೊಂಡಿದ್ದರು. 2001ರ ಎಣಿಕೆ ಹೇಳಿದ್ದು ಬೇರೆ. ಮೊದಲ ನಿಲ್ದಾಣದಿಂದಲೇ ಸುದ್ದಿ ಬೇರೆಯಾಗಿ ಹೊರಡುತ್ತದೆ.

ಇಲ್ಲಿ ಒಂದು ಮಾತು ಸ್ಪಷ್ಟವಾಗಿರಬೇಕು. ಅರಿವಳಿಕೆಯಲ್ಲಿರುವ ಇಲಿಗೆ "ನೋವಾಗುತ್ತಿದೆ" ಎಂದು ಹೇಳುವುದು ಸರಿಯಲ್ಲ. ಪೆಟ್ಟು ತಿಂದ ಜಾಗದಿಂದ ನರ ಕಳಿಸುವ ಎಚ್ಚರಿಕೆ ಸಂಕೇತಕ್ಕೆ ವಿಜ್ಞಾನಿಗಳು ನೋಸಿಸೆಪ್ಷನ್ ಎನ್ನುತ್ತಾರೆ. ನೋವು ಎನ್ನುವುದು ಎಚ್ಚರವಾಗಿರುವ ಜೀವದ ಅನುಭವ. ನೋವಿನ ಅಧ್ಯಯನಕ್ಕೆಂದೇ ಇರುವ ಅಂತರರಾಷ್ಟ್ರೀಯ ಸಂಘ 2020ರಲ್ಲಿ ತನ್ನ ವ್ಯಾಖ್ಯೆಯನ್ನು ತಿದ್ದಿದಾಗಲೂ ಇವೆರಡು ಬೇರೆ ಬೇರೆ ಎಂದು ಬಿಡಿಸಿ ಬರೆಯಿತು. ಹಾಗಾಗಿ ಪ್ರಾಣಿಗಳ ಪ್ರಯೋಗದ ಫಲಿತಾಂಶ ಓದುವಾಗ, ಅಳೆದದ್ದು ಯಾವುದನ್ನು ಎಂದು ಮೊದಲು ನೋಡಬೇಕು. ಸಂಕೇತವನ್ನೋ, ನಡವಳಿಕೆಯನ್ನೋ?

ಹೇಳದ ಪ್ರಾಣಿಯ ನೋವನ್ನು ಅಳೆಯುವುದು ಹೇಗೆ

ಎಚ್ಚರವಾಗಿರುವ ಇಲಿಯ ವಿಷಯದಲ್ಲಿ ಅಳತೆ ಕಷ್ಟ. ಇಲಿ ಬೇಟೆಗೆ ಸಿಗುವ ಪ್ರಾಣಿ. ನೋವನ್ನು ತೋರಿಸಿಕೊಂಡರೆ ಅದಕ್ಕೆ ಅಪಾಯ. ಹಾಗಾಗಿ ಅದು ಸುಮ್ನೆ ಮೂಲೆಯಲ್ಲಿ ಕೂತುಬಿಡುತ್ತದೆ.

ಹಳೆಯ ವಿಧಾನ ವಾನ್ ಫ್ರೇ ಎಳೆಗಳದ್ದು. ಹತ್ತೊಂಬತ್ತನೇ ಶತಮಾನದ ಕೊನೆಯಲ್ಲಿ ಮ್ಯಾಕ್ಸ್ ವಾನ್ ಫ್ರೇ ಎಂಬ ವಿಜ್ಞಾನಿ ಕುದುರೆಯ ಕೂದಲನ್ನು ಬಳಸಿ ಶುರುಮಾಡಿದ್ದು. ಈಗ ನೈಲಾನ್ ಎಳೆಗಳಿವೆ. ಒಂದೊಂದು ಎಳೆಯೂ ಒಂದು ಗೊತ್ತಾದ ಒತ್ತಡಕ್ಕೆ ಬಾಗುತ್ತದೆ. ಕೆನ್ನೆಯ ಮೇಲೆ ಒತ್ತುತ್ತಾ ಹೋಗಿ, ಇಲಿ ಯಾವ ಎಳೆಗೆ ತಲೆ ಹಿಂದಕ್ಕೆ ಎಳೆದುಕೊಳ್ಳುತ್ತದೆ ಎಂದು ಬರೆದಿಟ್ಟುಕೊಳ್ಳುತ್ತಾರೆ. ಮುಂಚೆ ತಡೆದುಕೊಳ್ಳುತ್ತಿದ್ದ ಒತ್ತಡಕ್ಕೆ ಈಗ ತಲೆ ಎಳೆದುಕೊಂಡರೆ ಆ ಜಾಗ ಸೂಕ್ಷ್ಮವಾಗಿದೆ ಎಂದು ಅರ್ಥ.

ಮುಖ ನೋಡಿ ಅಂದಾಜು ಮಾಡುವ ವಿಧಾನವೂ ಇದೆ. ಕೆನಡಾದ ಮೆಕ್‌ಗಿಲ್ ವಿಶ್ವವಿದ್ಯಾಲಯದ ಜೆಫ್ರಿ ಮೊಗಿಲ್ ಅವರ ತಂಡ 2010ರಲ್ಲಿ ಮೌಸ್ ಎಂಬ ಪುಟ್ಟ ಇಲಿಗೆ ಇಂತಹ ಮುಖಭಾವದ ಅಳತೆಗೋಲನ್ನು ಮಾಡಿತು. 2011ರಲ್ಲಿ ರ್‍ಯಾಟ್ ಎಂಬ ದೊಡ್ಡ ಇಲಿಗೂ ಅಂಥದ್ದು ಬಂತು. ಕಣ್ಣು ಕಿರಿದಾಗುವುದು, ಮೂಗು ಕೆನ್ನೆಯ ಉಬ್ಬು ಚಪ್ಪಟೆಯಾಗುವುದು, ಕಿವಿ ಮತ್ತು ಮೀಸೆಯ ಕೋನ ಬದಲಾಗುವುದು, ಇವಕ್ಕೆಲ್ಲ ಅಂಕ.

ದವಡೆಯ ವಿಷಯಕ್ಕೆ ನನಗೆ ಹೆಚ್ಚು ಸರಿ ಕಾಣುವ ವಿಧಾನಗಳು ಬೇರೆ. ಒಂದರಲ್ಲಿ ಇಲಿ ಒಂದು ಊಟಕ್ಕೆ ಎಷ್ಟು ಹೊತ್ತು ತೆಗೆದುಕೊಳ್ಳುತ್ತದೆ ಎಂದು ಕಂಪ್ಯೂಟರ್ ಲೆಕ್ಕ ಇಡುತ್ತದೆ. ದವಡೆಯ ಕೀಲು ನೋಯುತ್ತಿದ್ದರೆ ಊಟ ನಿಧಾನವಾಗುತ್ತದೆ. ಇನ್ನೊಂದರಲ್ಲಿ ಪುಟ್ಟ ಇಲಿಯನ್ನು ಒಂದು ಕೊಳವೆಯೊಳಗೆ ಬಿಡುತ್ತಾರೆ. ಹೊರಬರುವ ದಾರಿಗೆ ಸಣ್ಣ ಕಡ್ಡಿಗಳು ಅಡ್ಡ ಇರುತ್ತವೆ. ಅವನ್ನು ಕಡಿದು ಹೊರಬರಲು ಎಷ್ಟು ಹೊತ್ತು ಬೇಕಾಯಿತು ಎಂಬುದೇ ಅಳತೆ. ದವಡೆ ನೋವಿರುವ ಮನುಷ್ಯರ ಪಾಡೂ ಇದೇ ಅಲ್ವಾ? ಅಗಿಯಲು ಆಗುವುದಿಲ್ಲ, ಬಾಯಿ ಪೂರ್ತಿ ತೆರೆಯಲು ಆಗುವುದಿಲ್ಲ. ಒತ್ತಿ ನೋಡುವುದಕ್ಕಿಂತ, ದವಡೆ ತನ್ನ ಕೆಲಸ ಮಾಡುತ್ತಿದೆಯಾ ಎಂದು ನೋಡುವುದು ನೋವಿನ ಬದುಕಿಗೆ ಹೆಚ್ಚು ಹತ್ತಿರ.

ಇದೆಲ್ಲ ಪ್ರಾಣಿಗಳಿಗೆ ನೋವು ಕೊಟ್ಟೇ ಕಲಿಯುವ ವಿದ್ಯೆ ಎನ್ನುವುದನ್ನು ಮರೆತು ಬರೆಯಲು ನನಗೆ ಆಗುವುದಿಲ್ಲ. ಎಚ್ಚರವಿರುವ ಪ್ರಾಣಿಗಳ ಮೇಲಿನ ನೋವಿನ ಪ್ರಯೋಗಕ್ಕೆ 1983ರಲ್ಲೇ ಅಂತರರಾಷ್ಟ್ರೀಯ ನಿಯಮಗಳು ಬಂದವು. ಸಾಧ್ಯವಾದಷ್ಟು ಕಡಿಮೆ ನೋವು, ಸಾಧ್ಯವಾದಷ್ಟು ಕಡಿಮೆ ಹೊತ್ತು, ಬೇಕಾದಷ್ಟೇ ಪ್ರಾಣಿಗಳು ಎನ್ನುವುದು ಅವುಗಳ ಸಾರ. ಇಷ್ಟಾದರೂ ಭಾರ ಭಾರವೇ. ಹೀಗೆ ಸಿಕ್ಕ ತಿಳಿವಳಿಕೆಯನ್ನು ಅರ್ಧಂಬರ್ಧ ಓದಿ ಬಿಡುವುದು ಆ ಪ್ರಾಣಿಗಳಿಗೂ ಮಾಡುವ ಅನ್ಯಾಯ.

ಗ್ಲುಟಮೇಟ್, ಬಾಗಿಲು, ಈಸ್ಟ್ರೊಜೆನ್

ಗ್ಲುಟಮೇಟ್ ಹೊರಗಿನ ವಿಷವೇನಲ್ಲ. ನಮ್ಮ ದೇಹದಲ್ಲೇ ಇರುವ ಅಮೈನೊ ಆಮ್ಲ. ನರಕೋಶಗಳು ಒಂದಕ್ಕೊಂದು ಸುದ್ದಿ ಮುಟ್ಟಿಸಲು ಬಳಸುವ ಮುಖ್ಯ ರಾಸಾಯನಿಕವೂ ಅದೇ. ಸ್ನಾಯುವಿಗೆ ಪೆಟ್ಟಾದಾಗ, ಊದಿಕೊಂಡಾಗ ಆ ಜಾಗದಲ್ಲಿ ಅದರ ಪ್ರಮಾಣ ಏರುತ್ತದೆ. ಹಾಗಾಗಿ ಅದನ್ನು ಸೂಜಿಯಿಂದ ಹಾಕುವುದು ಎಂದರೆ ಸ್ನಾಯು ನೋವಿನ ಒಂದು ತುಣುಕನ್ನು ನಕಲು ಮಾಡಿದಂತೆ.

ನರದ ತುದಿಯಲ್ಲಿ ಗ್ಲುಟಮೇಟ್ ಬಂದು ಕೂರುವ ಜಾಗಗಳಿವೆ. ಅವನ್ನು ಗ್ರಾಹಕಗಳು ಎನ್ನುತ್ತಾರೆ. ಬಾಗಿಲು ಎಂದುಕೊಳ್ಳಿ. ಗ್ಲುಟಮೇಟ್ ಎಂಬ ಕೀಲಿ ಹಾಕಿದರೆ ಬಾಗಿಲು ತೆರೆದು, ವಿದ್ಯುತ್ ಅಂಶವಿರುವ ಕಣಗಳು ಒಳನುಗ್ಗಿ, ನರ ಮಿಡಿಯುತ್ತದೆ. ಇದರಲ್ಲಿ ಎನ್‌ಎಂಡಿಎ ಎಂಬ ಜಾತಿಯ ಬಾಗಿಲು ಇಲ್ಲಿ ಮುಖ್ಯ. ಮೊದಲೆಲ್ಲ ಇದು ಮಿದುಳು ಮತ್ತು ಬೆನ್ನುಹುರಿಯ ಒಳಗಿನ ವಿಷಯ ಎಂದೇ ಹೆಚ್ಚಾಗಿ ಓದುತ್ತಿದ್ದರು. ಸ್ನಾಯುವಿನೊಳಗಿನ ನರದ ತುದಿಯಲ್ಲೂ ಅದು ಇದೆ ಎಂದು ದವಡೆಯ ಪ್ರಯೋಗಗಳು ತೋರಿಸಿದವು.

ಮುಂದಿನ ಹೆಜ್ಜೆ ಈಸ್ಟ್ರೊಜೆನ್, ಅಂದರೆ ಮುಖ್ಯವಾಗಿ ಅಂಡಾಶಯದಲ್ಲಿ ತಯಾರಾಗುವ ಹೆಣ್ಣು ಹಾರ್ಮೋನ್. ಅಂಡಾಶಯ ತೆಗೆದ ಹೆಣ್ಣು ಇಲಿಯ ದವಡೆಯ ಕೀಲಿಗೆ ಗ್ಲುಟಮೇಟ್ ಹಾಕಿದಾಗ, ಸ್ನಾಯು ತಾನಾಗಿ ಸೆಟೆದುಕೊಳ್ಳುವ ಪ್ರತಿಕ್ರಿಯೆ ಕಡಿಮೆಯಾಯಿತು. ಅದಕ್ಕೇ ಈಸ್ಟ್ರೊಜೆನ್ ಕೊಟ್ಟಾಗ ಪ್ರತಿಕ್ರಿಯೆ ಮತ್ತೆ ಏರಿತು. ಆಮೇಲಿನ ಕೆಲಸದಲ್ಲಿ ಕಾರಣವೂ ಕೆಲಮಟ್ಟಿಗೆ ಸಿಕ್ಕಿತು. ಈಸ್ಟ್ರೊಜೆನ್ ಇದ್ದಾಗ ಕೆನ್ನೆಯ ಸ್ನಾಯುವಿಗೆ ಸೇರಿದ ನರಕೋಶಗಳಲ್ಲಿ ಎನ್‌ಎಂಡಿಎ ಬಾಗಿಲಿನ ಒಂದು ಭಾಗ ಹೆಚ್ಚು ತಯಾರಾಗುತ್ತದೆ. ಬಾಗಿಲು ಜಾಸ್ತಿ ಇದ್ದರೆ ಅದೇ ಪ್ರಮಾಣದ ಗ್ಲುಟಮೇಟ್‌ಗೆ ನರ ಹೆಚ್ಚು ಮಿಡಿಯುತ್ತದೆ.

ಸ್ನಾಯುವೇ ಗಂಡು ಹೆಣ್ಣಿನಲ್ಲಿ ಒಂದೇ ಥರ ಇರುವುದಿಲ್ಲ ಎನ್ನುವುದನ್ನೂ ಇಲ್ಲೇ ಹೇಳಿಬಿಡುತ್ತೇನೆ. ಮೊಲ ಮತ್ತು ಪುಟ್ಟ ಇಲಿಗಳ ಮ್ಯಾಸಿಟರ್‌ನಲ್ಲಿ ವೇಗವಾಗಿ ಸಂಕುಚಿಸುವ ಸ್ನಾಯು ಎಳೆಗಳ ಬಗೆ ಗಂಡಿನಲ್ಲಿ ಬೇರೆ, ಹೆಣ್ಣಿನಲ್ಲಿ ಬೇರೆ. ಬೆಳೆಯುವಾಗ ಟೆಸ್ಟೋಸ್ಟೆರೋನ್ ಎಂಬ ಗಂಡು ಹಾರ್ಮೋನ್ ಈ ವ್ಯತ್ಯಾಸವನ್ನು ರೂಪಿಸುತ್ತದೆ. ಕಾಲಿನ ಸ್ನಾಯುವಿನಲ್ಲಿ ಇಷ್ಟು ದೊಡ್ಡ ವ್ಯತ್ಯಾಸ ಕಾಣುವುದಿಲ್ಲ. ಅಂದರೆ ದವಡೆಯ ಸ್ನಾಯು ಹಾರ್ಮೋನ್‌ಗಳ ಮಾತನ್ನು ವಿಶೇಷವಾಗಿ ಕೇಳುವ ಸ್ನಾಯು.

ಗಂಡು ಇಲಿಯ ಬ್ರೇಕ್

ಈಗ ನಾನು ಮೊದಲು ಹೇಳಿದ ಎರಡನೆಯ ಪ್ರಶ್ನೆಗೆ ಬರೋಣ. ಗಂಡು ಇಲಿಗೆ ಕಡಿಮೆ ಯಾಕೆ?

ನೋವಿನ ನರಕ್ಕೆ ವೇಗ ಹೆಚ್ಚಿಸುವ ಬಾಗಿಲುಗಳಿರುವಂತೆ ವೇಗ ತಗ್ಗಿಸುವ ಬ್ರೇಕ್‌ಗಳೂ ಇವೆ. ಅದರಲ್ಲಿ ಎಲ್ಲರಿಗೂ ಗೊತ್ತಿರುವುದು ಓಪಿಯಾಯ್ಡ್ ಗ್ರಾಹಕ. ಮಾರ್ಫಿನ್ ಕೆಲಸ ಮಾಡುವುದು ಇದರ ಮೂಲಕ. ದೇಹ ತಾನೇ ತಯಾರಿಸುವ ಎಂಡಾರ್ಫಿನ್‌ಗಳೂ ಇಲ್ಲೇ ಕೂರುತ್ತವೆ. ಮಾರ್ಫಿನ್ ಎಂದ ತಕ್ಷಣ ಮಿದುಳು ಮಂಕಾಗುವುದು ನೆನಪಾಗುತ್ತದೆ. ಆದರೆ ಈ ಗ್ರಾಹಕ ಸ್ನಾಯುವಿನೊಳಗಿನ ನರದ ತುದಿಯಲ್ಲೂ ಇದೆ. ಅಲ್ಲಿಗಷ್ಟೇ ತಲುಪುವಂತೆ ಸ್ವಲ್ಪ ಮದ್ದು ಹಾಕಿದರೆ ಮಿದುಳನ್ನು ಮುಟ್ಟದೆ ನೋವಿನ ಸುದ್ದಿಯನ್ನು ಹುಟ್ಟುವ ಜಾಗದಲ್ಲೇ ತಗ್ಗಿಸಬಹುದು.

2001ರಲ್ಲೇ ಒಂದು ಪ್ರಯೋಗ ಬಂತು. ಇಲಿಯ ದವಡೆ ಕೀಲಿಗೆ ಗ್ಲುಟಮೇಟ್ ಜೊತೆ ಮಾರ್ಫಿನ್ ಕೂಡ ಹಾಕಿದರು. ಗಂಡು ಇಲಿಗಳಲ್ಲಿ ಸ್ನಾಯುವಿನ ಸೆಟೆತ ಚೆನ್ನಾಗಿ ತಗ್ಗಿತು. ಹೆಣ್ಣು ಇಲಿಗಳಲ್ಲಿ ಅಷ್ಟು ತಗ್ಗಲಿಲ್ಲ. ಮದ್ದು ಅದೇ, ಜಾಗ ಅದೇ.

ಅಮೆರಿಕದ ಮೇರಿಲ್ಯಾಂಡ್ ವಿಶ್ವವಿದ್ಯಾಲಯದ ಜಿನ್ ರೋ ಅವರ ತಂಡ ಈ ಎಳೆಯನ್ನು ವರ್ಷಗಟ್ಟಲೆ ಹಿಡಿದು ಜಗ್ಗಿತು. ಅವರು ಕೆನ್ನೆಯ ಸ್ನಾಯುವಿನಲ್ಲಿ ಊತ ಬರಿಸಿ, ಕೆಲವು ದಿನ ಬಿಟ್ಟು, ಟ್ರೈಜೆಮಿನಲ್ ಗಂಟಿನಲ್ಲಿ ಓಪಿಯಾಯ್ಡ್ ಗ್ರಾಹಕ ಎಷ್ಟು ತಯಾರಾಗಿದೆ ಎಂದು ನೋಡಿದರು. ಗಂಡು ಇಲಿಗಳಲ್ಲಿ ಅದು ಏರಿತ್ತು. ಹೆಣ್ಣು ಇಲಿಗಳಲ್ಲಿ ಏರಿರಲಿಲ್ಲ. ವೃಷಣ ತೆಗೆದ ಗಂಡು ಇಲಿಗಳಲ್ಲೂ ಏರಲಿಲ್ಲ. ಅವಕ್ಕೆ ಹೊರಗಿನಿಂದ ಟೆಸ್ಟೋಸ್ಟೆರೋನ್ ಕೊಟ್ಟರೆ ಏರಿತು. ಟೆಸ್ಟೋಸ್ಟೆರೋನ್ ಹಿಡಿಯುವ ಗ್ರಾಹಕ ನರಕೋಶದ ಕೋಶಕೇಂದ್ರಕ್ಕೆ ಹೋಗಿ ಓಪಿಯಾಯ್ಡ್ ಗ್ರಾಹಕದ ಜೀನನ್ನು ಚಾಲೂ ಮಾಡುತ್ತದೆ ಎಂಬುದೂ ನಂತರ ಗೊತ್ತಾಯಿತು. ಗಾಂಜಾದ ಅಂಶಗಳು ಬಂದು ಕೂರುವ ಇನ್ನೊಂದು ಬಗೆಯ ಗ್ರಾಹಕವಿದೆ, ಅದೂ ಬ್ರೇಕ್ ಜಾತಿಯದ್ದೇ. ಅದರ ವಿಷಯದಲ್ಲೂ ಹೆಚ್ಚುಕಡಿಮೆ ಇದೇ ಕಥೆ.

ಇದನ್ನು ನಿಧಾನವಾಗಿ ಓದಿ. ಸ್ನಾಯು ಊದಿಕೊಂಡಾಗ ಗಂಡು ಇಲಿಯ ದೇಹ ಹೊಸ ಬ್ರೇಕ್‌ಗಳನ್ನು ತಯಾರಿಸುತ್ತದೆ. ಹೆಣ್ಣು ಇಲಿಯ ದೇಹ ಅಷ್ಟು ತಯಾರಿಸುವುದಿಲ್ಲ. ಹಾಗಾದರೆ ಹೆಣ್ಣು ಇಲಿಯನ್ನು "ನೋವಿಗೆ ಸೂಕ್ಷ್ಮ" ಎಂದು ಕರೆಯುವುದು ಅರ್ಧ ಸತ್ಯ. ಗಂಡು ಇಲಿಗೆ ಒಂದು ರಕ್ಷಣೆ ಹೆಚ್ಚಿಗೆ ಸಿಕ್ಕಿದೆ ಎಂದೂ ಹೇಳಬಹುದಲ್ಲ? ನಾವು ಗಂಡನ್ನು ಅಳತೆಗೋಲಾಗಿ ಇಟ್ಟುಕೊಂಡು ಹೆಣ್ಣನ್ನು ಅದರಿಂದ ಸರಿದದ್ದು ಎಂದು ಓದುವ ಅಭ್ಯಾಸ ಬೆಳೆಸಿಕೊಂಡಿದ್ದೇವೆ. ಆ ಅಭ್ಯಾಸ ನಮಗೆ ಇಲ್ಲಿ ಅಡ್ಡ ಬರುತ್ತದೆ.

ಔಷಧದ ಲೆಕ್ಕದಲ್ಲಿ ಇದು ಇನ್ನೂ ಗಂಭೀರ. ನರದ ತುದಿಯಲ್ಲಷ್ಟೇ ಕೆಲಸ ಮಾಡುವ ಓಪಿಯಾಯ್ಡ್ ಮದ್ದೊಂದನ್ನು ಗಂಡು ಇಲಿಗಳ ಮೇಲೆ ಮಾತ್ರ ಪರೀಕ್ಷಿಸಿದರು ಎಂದುಕೊಳ್ಳಿ. ಫಲಿತಾಂಶ ಚೆನ್ನಾಗಿ ಬರುತ್ತದೆ. ಆದರೆ ದವಡೆ ನೋವಿಗೆ ಮದ್ದು ಕೇಳಿಕೊಂಡು ಬರುವವರಲ್ಲಿ ಹೆಂಗಸರೇ ಜಾಸ್ತಿ. ಯಾರಿಗೆ ಬೇಕೋ ಅವರಲ್ಲೇ ಅದು ಸರಿಯಾಗಿ ಹಿಡಿಯದೆ ಹೋಗಬಹುದು.

ಈಸ್ಟ್ರೊಜೆನ್ ಒಂದೇ ದಿಕ್ಕಿಗೆ ಎಳೆಯುವುದಿಲ್ಲ

ಇಷ್ಟು ಓದಿದವರಿಗೆ ಒಂದು ಸರಳ ಸೂತ್ರ ಹೊಳೆಯಬಹುದು. ಈಸ್ಟ್ರೊಜೆನ್ ಎಂದರೆ ನೋವು ಹೆಚ್ಚು, ಟೆಸ್ಟೋಸ್ಟೆರೋನ್ ಎಂದರೆ ನೋವು ಕಡಿಮೆ. ಎರಡನೆಯ ಅರ್ಧಕ್ಕೆ ದವಡೆಯ ಪ್ರಯೋಗಗಳಲ್ಲಿ ಒಳ್ಳೆಯ ಬೆಂಬಲ ಇದೆ. ಮೊದಲನೆಯ ಅರ್ಧ ಹಾಗಿಲ್ಲ.

ಹೆಣ್ಣು ಇಲಿಯ ಋತುಚಕ್ರ 4ರಿಂದ 5 ದಿನದ್ದು. ಅದರಲ್ಲಿ ನಾಲ್ಕು ಹಂತ. ಪ್ರೊಈಸ್ಟ್ರಸ್ ಎಂಬ ಹಂತದಲ್ಲಿ ಈಸ್ಟ್ರೊಜೆನ್ ತುದಿ ಮುಟ್ಟುತ್ತದೆ. ಪ್ರಯೋಗ ಮಾಡುವವರು ದಿನಾ ಬೆಳಗ್ಗೆ ಯೋನಿಯಿಂದ ಕೋಶಗಳ ಮಾದರಿ ತೆಗೆದು ಸೂಕ್ಷ್ಮದರ್ಶಕದಲ್ಲಿ ನೋಡಿ, ಇಲಿ ಯಾವ ಹಂತದಲ್ಲಿದೆ ಎಂದು ಗುರುತಿಸುತ್ತಾರೆ. ಹೀಗೆ ಹಂತ ನೋಡಿಕೊಂಡು ಮಾಡಿದ ಪ್ರಯೋಗಗಳು ಒಂದೇ ಉತ್ತರ ಕೊಟ್ಟಿಲ್ಲ. ಆರೋಗ್ಯವಾಗಿದ್ದ ದವಡೆಗೆ ತಟ್ಟನೆ ರಾಸಾಯನಿಕ ಹಾಕಿದಾಗ ಈಸ್ಟ್ರೊಜೆನ್ ಸಂಕೇತವನ್ನು ಏರಿಸುವುದು ಕಂಡಿತು. ಆದರೆ ಆಗಲೇ ಊದಿಕೊಂಡಿರುವ ದವಡೆ ಕೀಲಿನಲ್ಲಿ, ಊಟದ ಹೊತ್ತನ್ನು ಅಳೆದ ಪ್ರಯೋಗಗಳಲ್ಲಿ, ಈಸ್ಟ್ರೊಜೆನ್ ಹೆಚ್ಚಿರುವ ಹಂತದಲ್ಲಿ ನೋವಿನ ಲಕ್ಷಣ ಕಡಿಮೆಯಾದದ್ದೂ ಉಂಟು.

ಇದು ಗೊಂದಲ ಅನಿಸಿದರೂ ನಿಜಕ್ಕೂ ವಿರೋಧ ಅಲ್ಲ. ಈಸ್ಟ್ರೊಜೆನ್ ಹಿಡಿಯುವ ಗ್ರಾಹಕಗಳು ಒಂದಕ್ಕಿಂತ ಹೆಚ್ಚು ಬಗೆಯವು. ಅವು ಸ್ನಾಯುವಿನಲ್ಲಿವೆ, ನರದ ಗಂಟಿನಲ್ಲಿವೆ, ಮಿದುಳಿನ ಕಾಂಡದಲ್ಲಿವೆ, ಊತ ತರುವ ರೋಗನಿರೋಧಕ ಕೋಶಗಳಲ್ಲೂ ಇವೆ. ನರದ ತುದಿಯಲ್ಲಿ ಬಾಗಿಲು ಹೆಚ್ಚಿಸುವ ಹಾರ್ಮೋನ್, ಇನ್ನೊಂದು ಜಾಗದಲ್ಲಿ ಊತವನ್ನು ತಗ್ಗಿಸಬಹುದು. ಕೊನೆಗೆ ಕಾಣುವ ನೋವು ಇವೆಲ್ಲದರ ಒಟ್ಟು ಮೊತ್ತ.

ಮನುಷ್ಯರಲ್ಲೂ ಇದೇ ಥರ ಏರಿಳಿತ. ಲಿಂಡಾ ಲೆರೆಶ್ ಮತ್ತು ಜೊತೆಗಾರರು ದವಡೆ ನೋವಿರುವ ಹೆಂಗಸರನ್ನು ತಿಂಗಳ ಚಕ್ರದುದ್ದಕ್ಕೂ ಗಮನಿಸಿ 2003ರಲ್ಲಿ ವರದಿ ಮಾಡಿದರು. ನೋವು ಹೆಚ್ಚಾಗಿದ್ದು ಮುಟ್ಟಿನ ಹತ್ತಿರದ ದಿನಗಳಲ್ಲಿ, ಅಂದರೆ ಈಸ್ಟ್ರೊಜೆನ್ ಕೆಳಗಿರುವಾಗ. ಗರ್ಭಿಣಿಯರಲ್ಲಿ, ಈಸ್ಟ್ರೊಜೆನ್ ತುಂಬಾ ಮೇಲಿರುವ ಕೊನೆಯ ತಿಂಗಳುಗಳಲ್ಲಿ, ನೋವು ಇಳಿಯಿತು. ಇನ್ನೊಂದು ಕಡೆ, ಮುಟ್ಟು ನಿಂತ ಮೇಲೆ ಈಸ್ಟ್ರೊಜೆನ್ ಮಾತ್ರೆ ತೆಗೆದುಕೊಳ್ಳುವವರಲ್ಲಿ ದವಡೆ ನೋವಿನ ಸಾಧ್ಯತೆ ಸುಮಾರು 30% ಹೆಚ್ಚು ಎಂದು ಅವರದ್ದೇ 1997ರ ಅಧ್ಯಯನ ತೋರಿಸಿತ್ತು. ಹಾರ್ಮೋನ್ ಎಷ್ಟಿದೆ ಎನ್ನುವುದರ ಜೊತೆಗೆ ಅದು ಏರುತ್ತಿದೆಯಾ ಇಳಿಯುತ್ತಿದೆಯಾ ಎಂಬುದೂ ಲೆಕ್ಕಕ್ಕೆ ಬರುತ್ತದೆ ಎಂದು ನನಗೆ ಅನಿಸುತ್ತದೆ.

ಇಷ್ಟು ದಿನ ಯಾಕೆ ಗೊತ್ತಾಗಲಿಲ್ಲ

ಕಾರಣ ಸರಳ. ಹೆಣ್ಣು ಇಲಿಗಳನ್ನು ಬಹುಪಾಲು ಪ್ರಯೋಗಗಳಿಗೆ ತೆಗೆದುಕೊಳ್ಳುತ್ತಿರಲಿಲ್ಲ. ನೋವಿಗೇ ಮೀಸಲಾದ ಒಂದು ಮುಖ್ಯ ವಿಜ್ಞಾನ ಪತ್ರಿಕೆಯ ಹತ್ತು ವರ್ಷದ ಪ್ರಾಣಿ ಪ್ರಯೋಗಗಳನ್ನು ಮೊಗಿಲ್ ಮತ್ತು ಜೊತೆಗಾರರು 2005ರಲ್ಲಿ ಲೆಕ್ಕ ಹಾಕಿದರು. ಕಡಿಮೆ ಎಂದರೂ 79% ಅಧ್ಯಯನಗಳು ಗಂಡು ಪ್ರಾಣಿಗಳ ಮೇಲೆ ಮಾತ್ರ ನಡೆದಿದ್ದವು. ಗಂಡು ಹೆಣ್ಣಿನ ವ್ಯತ್ಯಾಸ ನೋಡಲೆಂದೇ ಮಾಡಿದವು 4% ಮಾತ್ರ.

ಋತುಚಕ್ರದಿಂದಾಗಿ ಹೆಣ್ಣು ಪ್ರಾಣಿಗಳ ಫಲಿತಾಂಶ ದಿನಕ್ಕೊಂದು ಥರ ಬರುತ್ತದೆ, ಲೆಕ್ಕ ಕೆಡುತ್ತದೆ ಎನ್ನುವುದು ಎಲ್ಲರೂ ಕೊಡುತ್ತಿದ್ದ ಕಾರಣ. ಕೇಳಲು ಸರಿ ಅನಿಸುತ್ತದೆ. 2014ರಲ್ಲಿ ಬ್ರಯಾನ್ ಪ್ರೆಂಡರ್‌ಗಾಸ್ಟ್ ಮತ್ತು ಜೊತೆಗಾರರು 293 ಲೇಖನಗಳ ಅಂಕಿಗಳನ್ನು ಒಟ್ಟುಮಾಡಿ ನೋಡಿದರು. ಚಕ್ರದ ಹಂತ ನೋಡದೆ ತೆಗೆದುಕೊಂಡ ಹೆಣ್ಣು ಮೌಸ್‌ಗಳ ಅಂಕಿಗಳು ಗಂಡಿನ ಅಂಕಿಗಳಿಗಿಂತ ಹೆಚ್ಚು ಚೆದುರಿರಲಿಲ್ಲ. ಎಷ್ಟೋ ವರ್ಷ ನಂಬಿದ್ದ ಕಾರಣಕ್ಕೆ ಆಧಾರವೇ ಇರಲಿಲ್ಲ. ಇದನ್ನು ಓದಿದಾಗ ನನಗೆ ಬೇಸರವಾಯಿತು. ಒಂದು ಸಲ ಅಂಕಿ ಕೂಡಿಸಿ ನೋಡಿದ್ದರೆ ಎಷ್ಟೋ ಮುಂಚೆಯೇ ತಿಳಿಯುತ್ತಿತ್ತು.

ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆ 2016ರಿಂದ ತಾನು ಹಣ ಕೊಡುವ ಪ್ರಯೋಗಗಳಲ್ಲಿ ಗಂಡು ಹೆಣ್ಣು ಎರಡನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು, ಒಂದನ್ನೇ ಬಳಸಿದರೆ ಬಲವಾದ ಕಾರಣ ಕೊಡಬೇಕು ಎಂದು ನಿಯಮ ಮಾಡಿತು. ಅಷ್ಟರಲ್ಲೇ ಇನ್ನೊಂದು ದೊಡ್ಡ ಸುದ್ದಿ ಬಂದಿತ್ತು. 2015ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ಗಂಡು ಮೌಸ್‌ನ ದೀರ್ಘಕಾಲದ ನೋವಿಗೆ ಬೆನ್ನುಹುರಿಯ ಮೈಕ್ರೋಗ್ಲಿಯಾ ಎಂಬ ಕೋಶಗಳು ಬೇಕಾಗಿದ್ದರೆ, ಹೆಣ್ಣು ಮೌಸ್‌ನಲ್ಲಿ ಆ ಕೆಲಸ ಬೇರೆ ದಾರಿಯಿಂದ, ಬಹುಶಃ ಟಿ ಕೋಶಗಳೆಂಬ ರೋಗನಿರೋಧಕ ಕೋಶಗಳ ಮೂಲಕ ನಡೆಯುತ್ತಿತ್ತು. ಇಬ್ಬರಿಗೂ ನೋವು ಅಷ್ಟೇ ಕಾಣುತ್ತಿತ್ತು. ಒಳಗಿನ ದಾರಿ ಬೇರೆ. ಹೊರಗಿನ ಅಳತೆ ಸಮ ಬಂದ ಮಾತ್ರಕ್ಕೆ ಒಳಗೂ ಸಮ ಎಂದು ತಿಳಿಯಬಾರದು ಎನ್ನುವುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಗೊತ್ತಿಲ್ಲ.

ಪ್ರಾಣಿಯದ್ದಷ್ಟೇ ಅಲ್ಲ, ಪ್ರಯೋಗ ಮಾಡುವವರ ಲಿಂಗವೂ ಅಳತೆಯನ್ನು ಅಲುಗಾಡಿಸುತ್ತದೆ. ಗಂಡಸರು ಕೋಣೆಯಲ್ಲಿದ್ದರೆ ಇಲಿಗಳು ಕಡಿಮೆ ನೋವು ತೋರಿಸುತ್ತವೆ ಎಂದು 2014ರಲ್ಲಿ ಮೊಗಿಲ್ ತಂಡ ವರದಿ ಮಾಡಿತು. ಗಂಡಸರು ತೊಟ್ಟ ಟೀ ಶರ್ಟ್ ಒಂದನ್ನು ಹತ್ತಿರ ಇಟ್ಟರೂ ಹಾಗೇ ಆಯಿತು. ಆ ವಾಸನೆಗೆ ಇಲಿ ಹೆದರುತ್ತದೆ, ಹೆದರಿಕೆ ನೋವನ್ನು ಸ್ವಲ್ಪ ಹೊತ್ತು ಅದುಮುತ್ತದೆ.

ಇಲಿಯಿಂದ ಮನುಷ್ಯರವರೆಗೆ

ಮನುಷ್ಯರಲ್ಲಿ ದವಡೆಯ ಕೀಲು ಮತ್ತು ಸ್ನಾಯುಗಳ ತೊಂದರೆಯನ್ನು ಒಟ್ಟಾಗಿ ಟಿಎಂಡಿ ಎನ್ನುತ್ತಾರೆ. ಇದು ಹೆಂಗಸರಲ್ಲಿ ಗಂಡಸರಿಗಿಂತ ಸುಮಾರು ಎರಡು ಪಟ್ಟು. ಆಸ್ಪತ್ರೆಗೆ ಬರುವವರನ್ನು ಮಾತ್ರ ಎಣಿಸಿದರೆ ಅಂತರ ಇನ್ನೂ ಹೆಚ್ಚು.

ಅಮೆರಿಕದಲ್ಲಿ ಒಪೆರಾ ಎಂಬ ದೊಡ್ಡ ಅಧ್ಯಯನ ನಡೆಯಿತು. ದವಡೆ ನೋವಿಲ್ಲದ 2,737 ಜನರನ್ನು ವರ್ಷಗಟ್ಟಲೆ ಹಿಂಬಾಲಿಸಿ, ಯಾರಿಗೆ ಹೊಸದಾಗಿ ಟಿಎಂಡಿ ಬರುತ್ತದೆ ಎಂದು ನೋಡಿದರು. 260 ಜನರಿಗೆ ಬಂತು. ಅಂದರೆ ವರ್ಷಕ್ಕೆ ಸುಮಾರು 4%. ಆಶ್ಚರ್ಯ ಎಂದರೆ, ಮೊದಲ ಸಲ ನೋವು ಬರುವುದರಲ್ಲಿ ಗಂಡು ಹೆಣ್ಣಿನ ಅಂತರ ತುಂಬಾ ಚಿಕ್ಕದಿತ್ತು. ಹಾಗಿದ್ದರೂ ಜನರ ನಡುವೆ ಎಣಿಸಿದಾಗ ಹೆಂಗಸರು ಎರಡು ಪಟ್ಟು ಸಿಗುವುದು ಹೇಗೆ? ಒಂದು ಸಹಜ ಉತ್ತರ ಇದು. ನೋವು ಬರುವುದು ಹೆಚ್ಚುಕಡಿಮೆ ಇಬ್ಬರಿಗೂ. ಬಂದದ್ದು ಬಿಟ್ಟು ಹೋಗದೆ ಉಳಿಯುವುದು ಹೆಂಗಸರಲ್ಲಿ ಜಾಸ್ತಿ.

ಗಂಡು ಇಲಿಯ ಬ್ರೇಕ್ ಇಲ್ಲಿ ಮತ್ತೆ ನೆನಪಾಗುತ್ತದೆ. ಆ ಬ್ರೇಕ್ ಹೆಚ್ಚು ತಯಾರಾದದ್ದು ಊತ ಬಂದು ಕೆಲವು ದಿನ ಕಳೆದ ಮೇಲೆ. ನೋವನ್ನು ಶುರುಮಾಡುವ ವ್ಯವಸ್ಥೆ ಬೇರೆ, ಶುರುವಾದದ್ದನ್ನು ನಿಲ್ಲಿಸುವ ವ್ಯವಸ್ಥೆ ಬೇರೆ. ಮೊದಲ ದಿನ ಸೂಜಿ ಹಾಕಿ ಅಳೆದು ಮುಗಿಸಿಬಿಡುವ ಪ್ರಯೋಗಕ್ಕೆ ಎರಡನೆಯದು ಸಿಗುವುದೇ ಇಲ್ಲ. ದವಡೆಯ ಪ್ರಾಣಿ ಪ್ರಯೋಗಗಳು ಇನ್ನೂ ಹೆಚ್ಚು ದಿನ ಕಾದು ನೋಡಬೇಕು ಎಂದು ನಾನು ಗಟ್ಟಿಯಾಗಿ ನಂಬಿದ್ದೇನೆ. ವರ್ಷಗಟ್ಟಲೆ ನೋಯುವವರಿಗೆ ಬೇಕಾದ ಉತ್ತರ ಆ ಕಾಯುವಿಕೆಯಲ್ಲಿದೆ.

ಹಾಗಂತ ಇಲಿಯಲ್ಲಿ ಕಂಡದ್ದೆಲ್ಲ ಮನುಷ್ಯರಿಗೆ ಹೊಂದುವುದಿಲ್ಲ. ಇಲಿಯ ದವಡೆ ಕಡಿಯಲು ಮಾಡಿದ್ದು. ಅದರ ಚಕ್ರ ನಾಲ್ಕೈದು ದಿನದ್ದು, ನಮ್ಮದು ತಿಂಗಳದ್ದು. ನಮ್ಮಲ್ಲಿ ನೋವಿನ ಮೇಲೆ ನಿದ್ದೆ, ಚಿಂತೆ, ಮನೆಯ ಹೊರೆ, ನೋವನ್ನು ಯಾರಾದರೂ ನಂಬುತ್ತಾರಾ ಎನ್ನುವ ಪ್ರಶ್ನೆ ಎಲ್ಲವೂ ಕೂರುತ್ತವೆ. ಅವು ಸುಳ್ಳಲ್ಲ. ಆದರೆ ಅವೆಲ್ಲ ಕೂರುವುದು ಆಗಲೇ ಬೇರೆಯಾಗಿ ಮಿಡಿಯುತ್ತಿರುವ ನರದ ಮೇಲೆ.

2024ರಲ್ಲಿ ಅರಿಜೋನಾ ವಿಶ್ವವಿದ್ಯಾಲಯದ ಫ್ರಾಂಕ್ ಪೊರೆಕಾ ಅವರ ತಂಡ ಒಂದು ಪ್ರಯೋಗ ಪ್ರಕಟಿಸಿತು. ಮೌಸ್, ಮಂಗ ಮತ್ತು ಅಂಗದಾನ ಮಾಡಿದ ಮನುಷ್ಯರ ದೇಹದಿಂದ ನೋವಿನ ನರಕೋಶಗಳನ್ನು ತೆಗೆದು ಗಾಜಿನ ತಟ್ಟೆಯಲ್ಲಿ ಇಟ್ಟರು. ಇವು ಮುಖದ ನರದವಲ್ಲ, ಬೆನ್ನುಹುರಿಯ ಪಕ್ಕದ ಗಂಟುಗಳವು. ಅವಕ್ಕೆ ಪ್ರೊಲ್ಯಾಕ್ಟಿನ್ ಎಂಬ ಹಾರ್ಮೋನ್ ಸೇರಿಸಿದಾಗ ಹೆಣ್ಣಿನಿಂದ ಬಂದ ನರಕೋಶಗಳು ಚಿಕ್ಕ ಪ್ರಚೋದನೆಗೂ ಮಿಡಿಯತೊಡಗಿದವು. ಗಂಡಿನಿಂದ ಬಂದವು ಬದಲಾಗಲಿಲ್ಲ. ಒರೆಕ್ಸಿನ್ ಬಿ ಎಂಬ ಇನ್ನೊಂದು ರಾಸಾಯನಿಕ ಸೇರಿಸಿದಾಗ ಇದರ ತಿರುಗುಮುರುಗು. ಗಂಡಿನ ಕೋಶ ಸೂಕ್ಷ್ಮವಾಯಿತು, ಹೆಣ್ಣಿನದ್ದು ಸುಮ್ಮನಿತ್ತು. ಮೂರೂ ಜೀವಿಗಳಲ್ಲಿ ಹೀಗೇ ಆಯಿತು. ಆ ತಟ್ಟೆಯಲ್ಲಿ ದೇಹವಿರಲಿಲ್ಲ, ಮಿದುಳಿರಲಿಲ್ಲ, ನೋವು ಎನ್ನಲು ಯಾರೂ ಇರಲಿಲ್ಲ. ಒಂದೇ ಒಂದು ಕೋಶ ಇತ್ತು, ಅದಕ್ಕೆ ತಾನು ಯಾರ ದೇಹದಿಂದ ಬಂದದ್ದು ಎನ್ನುವುದು ಇನ್ನೂ ನೆನಪಿತ್ತು.